ಗುಳ್ಳೆ ಮೇಷ್ಟ್ರ ಕಾಲು

ಪರಮೇಶಪ್ಪ ಮೇಷ್ಟ್ರನ್ನು ಹೊನ್ನಮ್ಮ ಮೊದಲು ನೋಡಿದ್ದು ಶನಿವಾರಸಂತೆ ಊರಿನ ಸಂತೆಯ ದಿನ. ಮಂಡಿನೋವಿನಲ್ಲಿ ಆ ನೂಕುನುಗ್ಗಲು ದಾಟಿ ಅವರ ಜಗಲಿ ಹತ್ತುವಷ್ಟರಲ್ಲಿ ಅವಳಿಗೆ ಏದುಸಿರು. ಮೇಷ್ಟ್ರು ಒಂದು ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಬೀದಿಯನ್ನೇ ನೋಡುತ್ತ ಕೂತಿದ್ದರು.

"ಗಾಯ ಕಟ್ಟೋಕೆ ಬಂದೋರು ನೀವೇನಾ? ಒಂದು ನಿಮಿಷ ನಿಲ್ಲಿ. ಆ ಮೆಣಸಿನಕಾಯಿಯವನು ಟಾರ್ಪಾಲು ಮಡಚ್ತಾ ಇದಾನೆ, ಏನಾಗುತ್ತೆ ನೋಡಿ."

ಹೊನ್ನಮ್ಮ ನೋಡಿದಳು. ಒತ್ತಿಕೊಂಡು ಅಲುಗಾಡಲಾಗದೆ ನಿಂತಿದ್ದ ಜನರಲ್ಲಿ ಅಂಚಿನವರು ಖಾಲಿಯಾದ ಜಾಗಕ್ಕೆ ಸರಿದರು. ಅವರ ಹಿಂದಿನವರೂ ಸರಿದರು. ಜಾಗ ಮುಚ್ಚಿಹೋಯಿತು.

"ಯಾರಾದ್ರೂ ಹೇಳಿದ್ರಾ ಅವರಿಗೆ, ಹಿಂಗೆ ಸರೀರಿ ಅಂತ?"

"ಸಂತೆಗೆ ಬಂದೋರಿಗೆ ಯಾರು ಹೇಳ್ತಾರೆ ಮೇಷ್ಟ್ರೇ? ಕಾಲು ಕೊಡಿ ಇತ್ಲಾಗೆ."

ಅವಳು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದವಳು. ಅಲ್ಲಿಯ ಓಡಾಟ ಮೈಗೆ ಆಗದೆ ಬಿಟ್ಟ ಮೇಲೆ ಮನೆಗಳಿಗೆ ಹೋಗಿ ಗಾಯ ಕಟ್ಟುತ್ತಿದ್ದಳು. ಬಟ್ಟೆ ಬಿಚ್ಚಿದಳು. ಪಾದದ ಮೇಲೆ ಅಂಗೈಗುಳಿಯಷ್ಟು ಹುಣ್ಣು. ಹೋದ ಮಳೆಗಾಲದಲ್ಲಿ ತೋಟದೊಳಗೆ ಜಿಗಣೆ ಕಚ್ಚಿದ್ದನ್ನು ಮೇಷ್ಟ್ರು ಕೆರೆದುಕೊಂಡಿದ್ದರು. ಸಕ್ಕರೆ ಕಾಯಿಲೆಯ ಕಾಲು, ನೋವೇ ತಿಳಿದಿರಲಿಲ್ಲ. ಈ ಮಳೆ ಹಿಡಿಯುವುದರೊಳಗೆ ಹುಣ್ಣು ಮಾಯದಿದ್ದರೆ ಪಾದ ತೆಗೆಯುವುದೇ ಎಂದು ಡಾಕ್ಟ್ರಮ್ಮ ಹೇಳಿದ್ದರು. ಹೊನ್ನಮ್ಮನ ಗಂಡನಿಗೂ ಹೀಗೇ ತೆಗೆದಿದ್ದರು. ಆಮೇಲಿನ ಮಳೆಗಾಲವನ್ನು ಅವನು ಕಾಣಲಿಲ್ಲ. ಅದನ್ನು ಅವಳು ಆ ಮನೆಯಲ್ಲಿ ಬಾಯಿಬಿಡಲಿಲ್ಲ.

ಮೇಷ್ಟ್ರು ಊರ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಟ್ಟು ನಿವೃತ್ತರಾದವರು. ತಟ್ಟೆಯಲ್ಲಿ ಸೋಪಿನ ನೀರು ತಂದು ಗುಳ್ಳೆ ಊದಿ, ಅವು ತಾವಾಗಿಯೇ ಜೇನುಗೂಡಿನ ಹಾಗೆ ಸಾಲು ಕಟ್ಟುವುದನ್ನು ತೋರಿಸದೆ ಅವರ ಯಾವ ವರ್ಷವೂ ಮುಗಿಯುತ್ತಿರಲಿಲ್ಲ. ಹಾಗಾಗಿ ಗುಳ್ಳೆ ಮೇಷ್ಟ್ರು. ಅವರ ಕೈಯಲ್ಲಿ ಕಲಿತು ಈಗ ಮೀನು ಮಾರುವ ಲೋಹಿತ್ ಬೀದಿಯಿಂದಲೇ ಕೂಗುತ್ತಿದ್ದ: "ಗುಳ್ಳೆ ಮೇಷ್ಟ್ರೇ, ಕಾಲು ಹೆಂಗಿದೆ?"

"ನಿನ್ನ ಮಾರ್ಕ್ಸಿಗಿಂತ ವಾಸಿ ಕಣೋ!"

ಗಾಯ ತೊಳೆಯುವಾಗ ಅವರು ಸುಮ್ಮನಿರುತ್ತಿರಲಿಲ್ಲ. ಚರ್ಮದ ಜೀವಕೋಶಗಳೂ ಸಂತೆಯ ಜನರ ಹಾಗೇ ಅಂತೆ. ಪಕ್ಕದಲ್ಲಿ ಖಾಲಿ ಎಂದು ತಿಳಿದ ಕೂಡಲೇ ಅಂಚಿನವು ತೆವಳುತ್ತವೆ, ಹಿಂದಿನವು ಅವುಗಳ ಬೆನ್ನು ಹಿಡಿಯುತ್ತವೆ. ಒಂದೊಂದಕ್ಕೂ ಗೊತ್ತಿರುವುದು ಪಕ್ಕದ್ದು ಎಲ್ಲಿದೆ ಅನ್ನುವುದಷ್ಟೇ. "ಮೇಸ್ತ್ರಿ ಇಲ್ಲದ ಕೆಲಸ ಹೊನ್ನಮ್ಮ!"

"ಮೇಸ್ತ್ರಿ ಇಲ್ಲ ಅಂದ್ರೆ ನಮ್ಮ ಎಸ್ಟೇಟ್ ಲೈನಿನ ಕೂಲಿಯೋರು ಒಂದು ಕಾಫಿಹಣ್ಣೂ ಕೊಯ್ಯಲ್ಲ ಮೇಷ್ಟ್ರೇ. ನಿಮ್ಮ ಕಾಲಿನೋರೂ ಅದೇ ಜಾತಿ ಇದ್ದಂಗಿದೆ."

ಅವರು ಜೋರಾಗಿ ನಕ್ಕರು. ಹುಣ್ಣು ಮಾತ್ರ ಹಾಗೇ ಇತ್ತು. ಅಂಚಿನಲ್ಲಿ ತೆಳು ಗುಲಾಬಿ ಬಣ್ಣ ಬರುವುದು, ನಾಲ್ಕು ದಿನದಲ್ಲಿ ಅದು ಹರಿದು ಹಸಿಯಾಗುವುದು. ಹೊನ್ನಮ್ಮ ನೀರು ಕುದಿಸಿ ಆರಿಸಿದಳು, ಬಟ್ಟೆ ಬದಲಿಸಿದಳು, ತನ್ನ ಕೈಯನ್ನೇ ಅನುಮಾನಿಸಿ ಮತ್ತೆ ಮತ್ತೆ ತೊಳೆದುಕೊಂಡಳು. ಮನೆಗೆ ಹಿಂತಿರುಗುವಾಗ ದಾರಿಯಲ್ಲಿ ಎಲ್ಲಾದರೂ ಕೂರುವ ಹಾಗಾಗುತ್ತಿತ್ತು. ಅಷ್ಟು ದಣಿವು. ಮಾವಿನಕಾಯಿ ಬಲಿತವು, ಮೋಡ ಕಟ್ಟತೊಡಗಿತು.

ಪ್ಲಾಸ್ಟರಿನ ತುದಿಯನ್ನು ಚೂರು ಒಳಕ್ಕೆ ಮಡಚಿ ಅಂಟಿಸುವುದು ಅವಳ ರೂಢಿ. ಮಾರನೆಯ ಸಲ ಕೀಳುವಾಗ ಉಗುರಿಗೆ ಸಿಗಲಿ ಎಂದು. ಒಂದು ಬೆಳಿಗ್ಗೆ ಉಗುರು ಹಾಕಿದರೆ ಮಡಿಕೆ ಸಿಗಲಿಲ್ಲ. ತುದಿ ಚಪ್ಪಟೆಯಾಗಿ ಅಂಟಿತ್ತು. ಅವಳು ತಲೆಯೆತ್ತಿ ನೋಡಿದಳು. ಮೇಷ್ಟ್ರು ಬೀದಿಯ ಕಡೆ ಮುಖ ತಿರುಗಿಸಿದರು. ಅವರ ಬೆನ್ನಿಗಿದ್ದ ದಿಂಬಿನ ಕೆಳಗೆ ಕೈಹಾಕಿದಳು. ಭೂತಗನ್ನಡಿ ಇತ್ತು.

"ದಿನಾ ಬಿಚ್ಚಿ ನೋಡ್ತಾ ಇದೀರಾ?"

"ಮಡಿಕೆ ದಿನಾ ಮತ್ತೆ ಹಾಕಿಡ್ತಿದ್ದೆ, ನಿನ್ನೆ ಮರೆತೆ," ಅಂದರು ಮೇಷ್ಟ್ರು.

"ಹೆಪ್ಪು ಹಾಕಿದ ಪಾತ್ರೆಗೆ ಗಳಿಗೆಗೊಂದ್ಸಲ ಬೆರಳದ್ದಿದ್ರೆ ಮೊಸರಾಗುತ್ತಾ ಮೇಷ್ಟ್ರೇ? ತಾವೇ ಮಾಡ್ಕೋತವೆ ಅಂತ ಊರಿಗೆಲ್ಲ ಪಾಠ ಹೇಳಿದೋರು ನೀವು!"

"ಹೇಳಿದೀನಿ," ಅಂದರು ಅವರು. "ಕಣ್ಣಾರೆ ಒಂದ್ಸಲವೂ ನೋಡಿಲ್ಲ. ಮೈಸೂರಿಗೆ ಹೋಗಿ ಅದನ್ನೇ ಓದಬೇಕು ಅಂತಿದ್ದೆ. ಅಪ್ಪ ಹಾಸಿಗೆ ಹಿಡಿದ್ರು, ಹೋಗೋಕೆ ಆಗಲಿಲ್ಲ. ಗುಳ್ಳೆ ಊದಿಕೊಂಡೇ ಉಳಿದೆ. ಈಗ ನನ್ನ ಕಾಲಲ್ಲೇ ನಡೀತಾ ಇದೆ. ಕೋಶ ಕಾಣಲ್ಲ ಅಂತ ಗೊತ್ತು. ಅಂಚು ಸರಿಯೋದಾದ್ರೂ ಕಾಣಲಿ ಅಂತ..."

ಮೇಷ್ಟ್ರ ಮಗಳು ವಿನುತಾ ಸೊಸೈಟಿ ಕೆಲಸಕ್ಕೆ ಹೊರಟವಳು ಬಾಗಿಲಲ್ಲೇ ನಿಂತುಬಿಟ್ಟಿದ್ದಳು. "ಕಾಲೇ ಹೋದ್ಮೇಲೆ ಏನಪ್ಪಾ ನೋಡ್ತೀಯ?" ಅಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

ಹೊನ್ನಮ್ಮನಿಗೆ ರೇಗಲು ಕೂಡ ಶಕ್ತಿಯಿರಲಿಲ್ಲ. "ನಮ್ಮನೆಯೋರಿಗೆ ತೆಗೆದ್ರು ಮೇಷ್ಟ್ರೇ," ಅಂದಳು, ಅಷ್ಟು ದಿನ ಬಾಯಿಬಿಡದಿದ್ದುದನ್ನು. "ನಾನು ಇನ್ನೊಂದು ನೋಡಲಾರೆ."

ಮೇಷ್ಟ್ರು ಭೂತಗನ್ನಡಿಯನ್ನು ಅಂಗಿಯ ತುದಿಯಲ್ಲಿ ಒರೆಸಿ ಅವಳ ಚೀಲಕ್ಕೆ ಹಾಕಿದರು.

ಅಂದಿನಿಂದ ಅವಳು ಗಾಯ ತೊಳೆಯುವಾಗ ಅವರು ಕಣ್ಣು ಮುಚ್ಚುತ್ತಿದ್ದರು. ಮಡಿಕೆ ಅವಳು ಬಿಟ್ಟುಹೋದ ಹಾಗೇ ಇರುತ್ತಿತ್ತು. ಬೀದಿಯಲ್ಲಿ ಸಂತೆ ಕೂಡಿದಾಗಲೂ ಅವರು ಮೊದಲಿನಷ್ಟು ಮಾತಾಡಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಕಷ್ಟದ ಕೆಲಸಕ್ಕೆ ಕೂತವರ ಹಾಗೆ ಕೂತಿರುತ್ತಿದ್ದರು.

ಮೊದಲ ಮಳೆಯ ದಿನ ಡಾಕ್ಟ್ರಮ್ಮ ಮನೆಗೇ ಬಂದರು. ಹೊನ್ನಮ್ಮ ಕಟ್ಟು ಬಿಚ್ಚಿದಳು. ಸುತ್ತಲಿಂದ ಬಂದ ಹೊಸ ಚರ್ಮ ನಡುವೆ ಒಂದಕ್ಕೊಂದು ತಾಗಿತ್ತು, ಹಾಲಿನ ಮೇಲಿನ ಕೆನೆಯ ಹಾಗೆ, ತೆಳ್ಳಗೆ, ಸುಕ್ಕುಸುಕ್ಕಾಗಿ. ಡಾಕ್ಟ್ರಮ್ಮ ಬೆರಳಿನ ಬೆನ್ನಿನಿಂದ ಸುತ್ತ ಒತ್ತಿ ನೋಡಿದರು.

"ಕಾಲು ಉಳೀತು. ನಾಳೆಯಿಂದ ಹೊನ್ನಮ್ಮ ಬರೋದು ಬೇಡ."

ವಿನುತಾ ಅಲ್ಲೇ ಗೋಡೆಗೊರಗಿ ಕೂತಳು. ಹೊನ್ನಮ್ಮ ಬೇಸಿನ್ನಿನ ನೀರು ಚೆಲ್ಲಿಬಂದು, ಬಟ್ಟೆ ಮಡಚಿ, ಕತ್ತರಿ ಒರೆಸಿ ಚೀಲದೊಳಗೆ ಭೂತಗನ್ನಡಿಯ ಪಕ್ಕದಲ್ಲಿಟ್ಟಳು. ಮೇಷ್ಟ್ರು ಕಣ್ಣು ತೆರೆದಿರಲಿಲ್ಲ. ಚೀಲದ ಜಿಪ್ಪಿನ ಸದ್ದು ಕೇಳಿ ಅವಳಿದ್ದ ಕಡೆಗೆ ಅಂಗೈ ಚಾಚಿದರು.

"ಹೊನ್ನಮ್ಮ, ಇನ್ನು ನಾನು ನೋಡಬಹುದಾ?"