ಸಂದಿಗೆ ಹಚ್ಚದ ಎಣ್ಣೆ

ಅಕ್ಕೂರಿನ ಮುನಿರತ್ನಮ್ಮ ಹೊಸ ಮನೆಗೆ ಟೈಲ್ಸ್ ಆರಿಸಲು ಚನ್ನಪಟ್ಟಣದ ಅಂಗಡಿಗಳನ್ನೆಲ್ಲ ಜಾಲಾಡಿದ್ದು ಊರಿಗೇ ಗೊತ್ತಿದ್ದ ಸಂಗತಿ. ಸೀರೆ ಅಂಗಡಿಯಲ್ಲೂ ಅಷ್ಟು ಹೊತ್ತು ಕೂತವಳಲ್ಲ. ಒಂದೊಂದು ಬಿಲ್ಲೆಯನ್ನೂ ಎತ್ತಿ, ಬೆರಳ ಗೆಣ್ಣಿನಿಂದ ಕುಟ್ಟಿ, ಬೆಳಕಿಗೆ ಹಿಡಿದು, ಕೊನೆಗೆ ಹಾಲಿನ ಕೆನೆಯ ಬಣ್ಣದ್ದೊಂದನ್ನು ಒಪ್ಪಿದಳು.

"ಅಮ್ಮಾವ್ರು ಗಂಡನ್ನ ಒಪ್ಪಕ್ಕೂ ಇಷ್ಟು ಹೊತ್ತು ತಗೊಂಡಿರಲ್ಲ," ಎಂದ ಅಂಗಡಿಯ ತಾಜ್ ಪಾಷಾ.

"ನನ್ನ ಯಾರು ಬೆಳಕಿಗೆ ಹಿಡಿದು ತೋರ್ಸಿದ್ರು ಸಾಮಿ," ಎಂದ ಪಕ್ಕದಲ್ಲಿ ತೂಕಡಿಸುತ್ತಿದ್ದ ಗಂಡ ಗಂಗಯ್ಯ. "ನೋಡೋವೊತ್ಗೆ ಮಾಲು ಮನೇಗೆ ಬಂದ್ಬುಟ್ಟಿತ್ತು."

ಮನೆ ಕಟ್ಟಿಸುವವರ ಬುದ್ಧಿಯೇ ವಿಚಿತ್ರ. ಬಿಲ್ಲೆ ಆರಿಸಲು ವಾರಗಟ್ಟಲೆ ಅಲೆಯುತ್ತಾರೆ, ಬಿಲ್ಲೆ ಬಿಲ್ಲೆಯ ನಡುವಿನ ಸಂದಿನ ಬಗ್ಗೆ ಕೇಳುವವರೇ ಇಲ್ಲ. ಬಿಲ್ಲು ಮಾಡುವಾಗ ತಾಜ್ ಪಾಷಾ ತಾನಾಗಿಯೇ ಒಂದು ಡಬ್ಬ ತೆಗೆದು ಮುಂದಿಟ್ಟ. ಅಂಗಡಿಯವರು ತಾವಾಗಿ ಮುಂದಿಡುವುದೆಲ್ಲ ಗಿರಾಕಿಗೆ ಬೇಕಾದದ್ದೇ ಆಗಿರುತ್ತದೆ ಎಂದೇನೂ ಇಲ್ಲ. ಆದರೆ ಅವತ್ತು ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ನೋಡಿ ಅಮ್ಮ, ಟೈಲ್ಸು ಏನನ್ನೂ ಕುಡಿಯಲ್ಲ. ಮಧ್ಯೆ ತುಂಬ್ತಾರಲ್ಲ ಗ್ರೌಟು, ಅದು ಸಿಮೆಂಟು. ಮೈಯೆಲ್ಲ ಸಣ್ಣ ಸಣ್ಣ ತೂತು. ಕಾಫಿ ಚೆಲ್ಲಿದ್ರೆ ಕಾಫಿ ಕುಡೀತದೆ, ಎಣ್ಣೆ ಬಿದ್ರೆ ಎಣ್ಣೆ ಕುಡೀತದೆ. ಕುಡಿದಿದ್ದನ್ನ ವಾಪಸ್ ಕೊಡಲ್ಲ. ಗ್ರೌಟು ಚೆನ್ನಾಗಿ ಒಣಗಿದ ಮೇಲೆ ಈ ಸೀಲರ್‌ನ ಬ್ರಷ್ಷಲ್ಲಿ ಸಂದಿಗೆ ಮಾತ್ರ ಹಚ್ಚಿಸಿ. ಅದರ ಬಾಯಿ ಮುಚ್ಕೊಳ್ತದೆ."

"ಅಂಗಾದ್ರೆ ಇನ್ನೊಂದು ಡಬ್ಬ ಕೊಡಿ," ಎಂದ ಗಂಗಯ್ಯ. "ಮನೇಲಿ ಇನ್ನೂ ಒಬ್ರ ಬಾಯಿ ಮುಚ್ಚದೈತೆ."

ಮುನಿರತ್ನಮ್ಮ ಡಬ್ಬವನ್ನು ಮಗುವಿನಂತೆ ಅವಚಿಕೊಂಡು ಬಸ್ಸು ಹತ್ತಿದಳು. ಅದಕ್ಕೆ 'ಸಂದಿನ ಎಣ್ಣೆ' ಎಂದು ತಾನೇ ಒಂದು ಹೆಸರನ್ನೂ ಇಟ್ಟಳು.

ನೆಲದ ಮೇಲೆ ಅವಳಿಗಿದ್ದ ವ್ಯಾಮೋಹಕ್ಕೆ ಕಾರಣವಿತ್ತು. ಹುಟ್ಟಿದ ಮನೆಯಲ್ಲಿ ಬೆಳಗಾದರೆ ಸಗಣಿ ಹಾಕಿ ಸಾರಿಸಿದಳು. ಮದುವೆಯಾಗಿ ಬಂದ ಮನೆಯಲ್ಲಿ ಬಿರುಕು ಬಿಟ್ಟ ಸಿಮೆಂಟಿನ ನೆಲ. ಒಂದು ಬಿರುಕು ಮುಚ್ಚಿದರೆ ಇನ್ನೊಂದು ಬಾಯಿ ತೆರೆಯುತ್ತಿತ್ತು, ಅದರೊಳಗಿಂದ ಇರುವೆ ಬಂದು ರೇಷ್ಮೆ ಹುಳುವಿನ ತಟ್ಟೆಗೆ ಹತ್ತುತ್ತಿದ್ದವು. ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳು ಸಾಕಿ, ರಾಮನಗರದ ಮಾರುಕಟ್ಟೆಗೆ ಗೂಡು ಹೊತ್ತು ಕಟ್ಟಿದ ಮನೆ ಇದು. ಇದರ ನೆಲದಲ್ಲಾದರೂ ಬಿರುಕಿರಬಾರದು, ಕಲೆಯಿರಬಾರದು ಎಂಬುದು ಅವಳ ಹಟ.

ಟೈಲ್ಸ್ ಹಾಕಲು ಗಂಗಯ್ಯ ಚನ್ನಪಟ್ಟಣದ ಮುಕ್ತಿಯಾರ್‌ನನ್ನು ಗೊತ್ತು ಮಾಡಹೊರಟ. ಮುಕ್ತಿಯಾರ್ ಹಾಕಿದ ನೆಲದ ಮೇಲೆ ಗೋಲಿ ಬಿಟ್ಟರೆ ಎತ್ತಲೂ ಉರುಳದು ಎಂದು ಹೆಸರು. ಮುನಿರತ್ನಮ್ಮ ಒಪ್ಪಲಿಲ್ಲ.

"ನನ್ನ ತಮ್ಮ ಇರೋವಾಗ ಬ್ಯಾರೆಯೋರ ಕೈಲಿ ಯಾಕೆ ಹಾಕುಸ್ಲಿ?"

"ನಿನ್ ತಮ್ಮ ಒಳ್ಳೆಯೋನೇ ಕಣಮ್ಮಿ. ಆದ್ರೆ ಕೆಲಸಕ್ಕೂ ಒಳ್ಳೆತನಕ್ಕೂ ಏನು ಸಮ್ಮಂದ?"

"ನಾನು ಎತ್ತಿ ಆಡ್ಸಿದ ಮಗ ಅವ್ನು. ನನಗೆ ಮೋಸ ಮಾಡಾನಾ?"

ಗಂಗಯ್ಯ ಮುಕ್ತಿಯಾರ್‌ನ ಮಾತು ಕೈಬಿಟ್ಟ. ಆ ತಮ್ಮ ಬೈರಪ್ಪ ತೆವಳುವ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಮುನಿರತ್ನಮ್ಮ ಮದುವೆಯಾಗಿ ಅಕ್ಕೂರಿಗೆ ಬಂದಾಗ ಅವನನ್ನೂ ಕಂಕುಳಲ್ಲಿ ಇಟ್ಟುಕೊಂಡೇ ಬಂದಳು. ಅವನು ರಾಮನಗರದಲ್ಲಿ ಟೈಲ್ಸ್ ಕೆಲಸ ಕಲಿತದ್ದು, ಹೆಂಡತಿ ಕಟ್ಟಿಕೊಂಡದ್ದು, ಮಗಳ ಮದುವೆಗೆ ಗಂಡು ಹುಡುಕತೊಡಗಿದ್ದು, ಎಲ್ಲವೂ ಈ ಅಕ್ಕನ ಕಣ್ಣೆದುರೇ. ಅವಳ ಪಾಲಿಗೆ ತವರು ಎಂದರೆ ಒಂದು ಊರಲ್ಲ, ಒಂದು ಮನೆಯೂ ಅಲ್ಲ. ಬೈರ ಒಬ್ಬನೇ.

ಬೈರಪ್ಪ ಬಂದ, ಹಾಕಿದ. ಬಿಲ್ಲೆಗಳು ನೇರವಾಗಿಯೇ ಕೂತವು, ಸಂದುಗಳು ಬೆಳ್ಳಗೆ ಗೆರೆ ಎಳೆದಂತೆ ಬಂದವು. ಗೃಹಪ್ರವೇಶದ ಹಿಂದಿನ ಸಂಜೆ ಮುನಿರತ್ನಮ್ಮ ನೆಂಟರನ್ನು ಕರೆದು ಮನೆಗೆ ಬಂದಾಗ ಅವನು ಕೈಕಾಲು ತೊಳೆಯುತ್ತಿದ್ದ.

"ಸಂದಿನ ಎಣ್ಣೆ ಹಚ್ಚಿದ್ಯೇನ್ಲಾ?"

"ಹಚ್ದೆ ಕಣಕ್ಕ. ಎಲ್ಡು ಕೋಟು."

"ಡಬ್ಬ ಎಲ್ಲಿ?"

"ಖಾಲಿ ಆಯ್ತು, ಬಿಸಾಕ್ದೆ. ಖಾಲಿ ಡಬ್ಬ ಇಕ್ಕೊಂಡು ಪೂಜೆ ಮಾಡೀಯಾ?"

ಅವಳು ನಕ್ಕಳು. ಅವನ ತಲೆ ಸವರಿದಳು. ಮೊಸರನ್ನ ಕಲಸಿ ಬಡಿಸಿದಳು.

ಮಾರನೆಯ ದಿನ ಒಲೆಯ ಮೇಲಿಟ್ಟ ಹಾಲು ಶಾಸ್ತ್ರದಂತೆ ಉಕ್ಕಿ ನೆಲಕ್ಕೆ ಹರಿಯಿತು. ಆರತಿ ತಟ್ಟೆಯ ಕೆಂಪು ನೀರು ಹೊಸಿಲಿನ ಪಕ್ಕ ಚೆಲ್ಲಿತು. "ಶುಭ, ಶುಭ," ಎಂದರು ಹೆಂಗಸರು. ಸಂಜೆ ಒರೆಸಿದಾಗ ಬಿಲ್ಲೆಗಳು ಬೆಳಗಿದವು, ಸಂದಿನಲ್ಲಿ ಕೆಂಪು ಉಳಿಯಿತು. ಮುನಿರತ್ನಮ್ಮ ನಿಂಬೆಹಣ್ಣು ಉಜ್ಜಿದಳು. ಹೋಗಲಿಲ್ಲ. ಆರತಿಯ ಗುರುತು, ಇರಲಿ ಎಂದುಕೊಂಡಳು. ಹಾಲು ಉಕ್ಕಿದ ಕಡೆ ಇರುವೆಗಳು ಸಂದು ಹಿಡಿದು ಸಾಲುಗಟ್ಟಿದಾಗ, ಅವಕ್ಕೂ ಹೊಸ ಮನೆ ನೋಡುವ ಆಸೆ ಎಂದು ಗಂಗಯ್ಯ ಹೇಳಿದ್ದಕ್ಕೆ ಅವಳು ನಗಲಿಲ್ಲ.

ಆಮೇಲೆ ಅವಳು ಮಾಡಿದ ತಪ್ಪು ಹುಳು ಸಾಕುವ ಮನೆಯವರು ಮಾತ್ರ ಮಾಡಬಹುದಾದದ್ದು. ಮಳೆಗಾಲದ ಬೆಳೆಯಲ್ಲಿ ಹುಳು ಹಣ್ಣಾಗಿ ನೂಲು ಬಿಡಲು ತಯಾರಾದಾಗ ಸಾಕುವ ಮನೆಯಲ್ಲಿ ಜಾಗ ಸಾಲಲಿಲ್ಲ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ತಂದು ಹೊಸ ಮನೆಯ ಹಜಾರದ ಗೋಡೆಗೆ ಸಾಲಾಗಿ ಒರಗಿಸಿದಳು. ನೂಲು ಬಿಡುವ ಮುಂಚೆ ಹುಳು ಹೊಟ್ಟೆಯಲ್ಲಿರುವ ನೀರನ್ನೆಲ್ಲ ಹೊರಗೆ ಹಾಕುತ್ತದೆ. ಕೆಳಗೆ ಪೇಪರು ಹಾಸೋಣವೆಂದು ಸೊಸೆ ಅಂಬುಜ ಹೇಳಿದಳು.

"ಏನೂ ಬ್ಯಾಡ. ನನ್ ತಮ್ಮ ಎಲ್ಡು ಕೋಟು ಹಚ್ಚವ್ನೆ. ಒರ್ಸಿದ್ರೆ ಓಯ್ತದೆ."

ಹೋಗಲಿಲ್ಲ. ಗೂಡು ಬಿಡಿಸಿ ಚಂದ್ರಿಕೆ ಎತ್ತಿದಾಗ ಬಿಳಿ ಗೆರೆಗಳೆಲ್ಲ ಹಳದಿಯಾಗಿದ್ದವು, ವಾಸನೆಯೂ ಹಿಡಿದಿತ್ತು. ಸಾಕುವ ಮನೆಯ ಅಭ್ಯಾಸದಂತೆ ಬ್ಲೀಚಿಂಗ್ ಪೌಡರು ಸುರಿದು ಉಜ್ಜಿದಳು. ಅದಕ್ಕೂ ಬಗ್ಗದಾಗ ಬಚ್ಚಲಿಗೆಂದು ತಂದ ಆ್ಯಸಿಡ್ಡು ಹಾಕಿದಳು. ಆ್ಯಸಿಡ್ಡು ಕಲೆಯನ್ನು ಬಿಟ್ಟು ಗ್ರೌಟನ್ನೇ ತಿಂದಿತು. ತಿಂದ ಜಾಗದಲ್ಲಿ ಕೊಳೆ ಕೂತು ಗೆರೆಗಳು ಕಪ್ಪಾದವು. ಕೆನೆಬಣ್ಣದ ನೆಲ ದೂರದಿಂದ ಕಪ್ಪು ದಾರದ ಬಲೆ ಹಾಸಿದಂತೆ ಕಾಣತೊಡಗಿತು.

ತಮ್ಮ ಹಚ್ಚಿದ್ದಾನೆಂದ ಮೇಲೆ ತಪ್ಪು ಬೇರೆ ಯಾರದೋ ಇರಲೇಬೇಕಲ್ಲ. ಅದು ಅಂಬುಜಳ ತಲೆಗೆ ಬಂತು.

"ಒರೆಸೋ ಬಟ್ಟೆ ಇಂಡಕ್ಕೂ ಬರಕಿಲ್ವಾ ನಿಂಗೆ? ಕೊಳಕು ನೀರ್ನೇ ಬಳಿದು ಬಳಿದು ನೆಲ ಕೆಡಿಸ್ಬುಟ್ಟೆ!"

"ಮೂರು ಸಲ ನೀರು ಬದಲಾಯಿಸ್ತೀನಿ ಅತ್ತೆ. ಅದು ಒರೆಸೋದ್ರಿಂದ ಬಂದಿದ್ದಲ್ಲ."

"ಅಂಗಂದ್ರೆ? ನನ್ ತಮ್ಮ ಸುಳ್ಳು ಹೇಳ್ದ ಅಂತೀಯಾ?"

ಅಂಬುಜ ಅವತ್ತಿನಿಂದ ಅತ್ತೆಯ ಜೊತೆ ಬೇಕಾದಷ್ಟೇ ಮಾತು ಎಂದು ಇಟ್ಟುಕೊಂಡಳು. ಒಮ್ಮೆ ಈ ರಗಳೆ ನಡೆಯುವಾಗ ಬೈರಪ್ಪನೂ ಊಟಕ್ಕೆ ಕೂತಿದ್ದ. ಮುದ್ದೆ ಮುರಿಯುತ್ತಾ, "ಈಗಿನ್ ಹುಡ್ಗೀರು ನೆಲ ಒರ್ಸೋದು ಎಲ್ಲಿ ಕಲ್ತಿರ್ತವೆ ಬುಡಕ್ಕ," ಎಂದ. ಅಂಬುಜ ಸಾರಿನ ಪಾತ್ರೆ ಇಟ್ಟು ಎದ್ದು ಹೋದಳು. ಮುನಿರತ್ನಮ್ಮನೇ ಅವನಿಗೆ ಇನ್ನೊಂದು ಸೌಟು ಬಡಿಸಿದಳು.

ಬೈರಪ್ಪನ ಮಗಳ ಮದುವೆಯಾಗಿತ್ತು. ಮಾಗಡಿ ಕಡೆಯ ತಿಪ್ಪಸಂದ್ರದಲ್ಲಿ ಒಳ್ಳೇ ಮನೆ. ಹುಡುಗಿಯ ಸೀಮಂತಕ್ಕೆ ಮುನಿರತ್ನಮ್ಮ ಸೊಸೆಯನ್ನು ಕರೆದುಕೊಂಡು ಹೊರಟಳು. ಆ ಮನೆಯ ನೆಲವೂ ಬೈರಪ್ಪ ಹಾಕಿದ್ದೇ, ಹೆಚ್ಚುಕಡಿಮೆ ಅಕ್ಕನ ಮನೆ ಕೆಲಸ ನಡೆದ ಕಾಲದಲ್ಲೇ. ಒಳಗೆ ಕಾಲಿಟ್ಟವಳು ಒಂದು ಗಳಿಗೆ ನಿಂತುಬಿಟ್ಟಳು. ಸಂದಿನ ಗೆರೆಗಳು ನಿನ್ನೆ ತುಂಬಿದಂತೆ ಬೆಳ್ಳಗಿದ್ದವು. ಇವರ ಮನೆಯ ಹೆಂಗಸರು ಎಷ್ಟು ಚೊಕ್ಕ ಎಂದು ಅವಳ ಕಣ್ಣು ಅಂಬುಜಳ ಕಡೆ ಹೋಯಿತು. ಅಂಬುಜ ಗೋಡೆಯ ಕ್ಯಾಲೆಂಡರು ನೋಡತೊಡಗಿದಳು.

ಸೀಮಂತ ಮುಗಿಯುವಾಗ ಆರತಿ ತಟ್ಟೆ ಯಾರದೋ ಕೈ ತಗುಲಿ ಮಗುಚಿತು. ಕೆಂಪು ನೀರು ಬಿಲ್ಲೆಗಳ ಮೇಲೆ ಹರಡಿ ಸಂದಿನಗುಂಟ ಓಡಿತು.

"ಅಯ್ಯಯ್ಯೋ, ಬೇಗ ಒರ್ಸಿ! ಕಲೆ ಕಚ್ಕೊಂಡ್ರೆ ಓಗಕಿಲ್ಲ!" ಎಂದು ಮುನಿರತ್ನಮ್ಮ ಎದ್ದೇ ಬಿಟ್ಟಳು.

ಬೀಗಿತ್ತಿ ವೆಂಕಟಲಕ್ಷ್ಮಮ್ಮನಿಗೆ ಅವಸರವೇ ಇರಲಿಲ್ಲ. ಹುಡುಗಿಗೆ ಎಲೆಯಡಿಕೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಆಮೇಲೆ ಬಟ್ಟೆ ತಂದಳು. ಅಷ್ಟರವರೆಗೂ ನೀರು ಕೆಸುವಿನೆಲೆಯ ಮೇಲಿನ ಹನಿಯಂತೆ ಸಂದಿನ ಮೇಲೆ ಉಂಡೆಯಾಗಿ ನಿಂತಿತ್ತು. ಒಂದು ಸಲ ಒರೆಸಿದಳು. ಸಂದು ಬೆಳ್ಳಗಿತ್ತು.

"ಏನೂ ಆಗಕಿಲ್ಲ ಬನ್ನಿ. ನಿಮ್ ತಮ್ಮನೋರು ಅದೇನೋ ಎಣ್ಣೆ ಹಚ್ಚವ್ರೆ. ಆಗಿನ್ನೂ ಹೆಣ್ಣಿನ ಮಾತುಕತೆ ನಡೀತಿತ್ತು. ಅಕ್ಕನ ಮನೇಲಿ ಒಂದು ಡಬ್ಬ ಮಿಕ್ಕೈತೆ ಅಂತ ತಾವೇ ತಂದು, ಮಂಡಿ ಊರಿ ಕುಂತು, ಎಲ್ಡು ದಿನ ಹಚ್ಚಿದ್ರು. ಅಂಥಾ ಬೀಗ್ರು ಯಾರಿಗೆ ಸಿಕ್ತಾರೆ ಹೇಳಿ!"

ಮುನಿರತ್ನಮ್ಮ ಕೂತಳು. ಅವಳು ಕೊಂಡದ್ದು ಒಂದೇ ಡಬ್ಬ. ಅಂಬುಜ ಈಗ ಕ್ಯಾಲೆಂಡರು ನೋಡುತ್ತಿರಲಿಲ್ಲ, ಅತ್ತೆಯ ಮುಖವನ್ನೂ ನೋಡಲಿಲ್ಲ. ತನ್ನ ಸೀರೆಯ ನೆರಿಗೆಯನ್ನು ಒಂದೊಂದಾಗಿ ಸರಿಮಾಡಿಕೊಳ್ಳುತ್ತಿದ್ದಳು.

ಊಟವಾದ ಮೇಲೆ ಹಿತ್ತಲಲ್ಲಿ ಕೈತೊಳೆಯುವ ಕಡೆ ತಮ್ಮ ಒಬ್ಬನೇ ಸಿಕ್ಕ.

"ಬೈರ, ನಮ್ಮನೇಲಿ ಒಂದು ತೊಟ್ಟಾದ್ರೂ ಹಚ್ಚಿದ್ಯೇನ್ಲಾ?"

"ಏನಕ್ಕ?"

"ಸಂದಿನ ಎಣ್ಣೆ."

ಅವನು ಮೊದಲು ನಕ್ಕ. ಅವಳು ನಗದಿದ್ದಾಗ ಟವೆಲಿನಿಂದ ಕೈ ಒರೆಸಿದ, ಒರೆಸಿದ ಕೈಯನ್ನೇ ಮತ್ತೆ ಒರೆಸಿದ.

"ಆಗ ಮಾತುಕತೆ ಒಂದು ಕಡೀಕೆ ಬಂದಿತ್ತು ಕಣಕ್ಕ. ಈ ಜನ ಎಂಗೆ ಅಂತ ನಿಂಗೊತ್ತಿಲ್ಲ. ಒಂದೊಂದು ಸಂದೂ ಬಗ್ಗಿ ನೋಡ್ತಾರೆ. ಒಸಿ ಎಚ್ಚುಕಮ್ಮಿ ಆಗಿದ್ರೆ ಸಮ್ಮಂದನೇ ಬ್ಯಾಡ ಅಂದ್ಬುಡೋರು."

"ನನ್ನ ಕೇಳಿದ್ರೆ ಕೊಡ್ತಿರ್ನಿಲ್ವಾ?"

"ನೀನು ಕೊಟ್ಟೇ ಕೊಡ್ತಿದ್ದೆ. ಅದ್ಕೇ ಕೇಳ್ನಿಲ್ಲ."

"ನಮ್ಮನೆ ನೆಲ ಕೆಡ್ತದೆ ಅಂತ ಗೊತ್ತಿತ್ತಲ್ಲ ನಿಂಗೆ?"

"ನೀನು ನಮ್ಮಕ್ಕ," ಎಂದ ಬೈರಪ್ಪ. ಅವನ ದನಿಯಲ್ಲಿ ಕಳ್ಳತನವೇ ಇರಲಿಲ್ಲ, ಸಲುಗೆ ಇತ್ತು. "ನೀನೆಲ್ಲಿ ಬಗ್ಗಿ ನೋಡ್ತೀಯ?"

ಅವಳಿಗೆ ಅವನು ಸುಳ್ಳು ಹೇಳಿದ್ದಾನೆಂಬುದಕ್ಕಿಂತ, ಈಗ ನಿಜ ಹೇಳುತ್ತಿದ್ದಾನಲ್ಲ, ಅದು ಹೆಚ್ಚು ಚುಚ್ಚಿತು.

ಬಸ್ಸಿನಲ್ಲಿ ಮಾಗಡಿ ಬಂತು, ರಾಮನಗರ ಬಂತು. ಅಂಗಡಿ ಇಟ್ಟವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಚೌಕಾಸಿ ಮಾಡಿ, ತಿರುಗಿಸಿ ನೋಡಿ, ನಾಲ್ಕು ಮಾತು ಅಂದು ಹೋಗುವ ಗಿರಾಕಿಗೆ ಒಳ್ಳೇ ಮಾಲು ಸಿಗುತ್ತದೆ. "ನೀನೇ ನೋಡಿ ಕೊಡಪ್ಪ" ಎಂದು ಬೆನ್ನು ತಿರುಗಿಸಿ ಕೂತವರ ಚೀಲಕ್ಕೆ ಮೂಲೆಯಲ್ಲಿ ಉಳಿದದ್ದು ಬೀಳುತ್ತದೆ. ಮುನಿರತ್ನಮ್ಮ ಸಂತೆಯಲ್ಲಿ ಒಂದು ಹಿಡಿ ಸೊಪ್ಪನ್ನೂ ಬಿಡಿಸಿ ನೋಡದೆ ಕೊಂಡವಳಲ್ಲ. ಆಯುಷ್ಯದಲ್ಲಿ ಒಬ್ಬನ ಹತ್ತಿರ ಮಾತ್ರ ಬೆನ್ನು ತಿರುಗಿಸಿ ಕೂತಿದ್ದಳು.

ಚನ್ನಪಟ್ಟಣದಲ್ಲಿ ಬಸ್ಸು ಬದಲಾಯಿಸುವಾಗ ಸೊಸೆಯ ಕೈ ಹಿಡಿದಳು.

"ಒರೆಸೋದ್ರಿಂದ ಬಂದಿದ್ದಲ್ಲ ಕಣಮ್ಮ ಅದು."

"ಗೊತ್ತು ಅತ್ತೆ," ಎಂದಳು ಅಂಬುಜ. ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

ಈ ಸಲ ಚನ್ನಪಟ್ಟಣದ ಮುಕ್ತಿಯಾರ್ ಬಂದ. ಸಂದುಗಳನ್ನು ಕೆರೆದು ಹಳೆಯದನ್ನು ತೆಗೆದ, ಹೊಸದು ತುಂಬಿದ. ಒಣಗಲು ಬಿಟ್ಟು ಹೋಗಿ, ಬೆರಳಿಟ್ಟು ನೋಡಿ, ಇನ್ನೂ ಒಣಗಿಲ್ಲವೆಂದು ಮತ್ತೆ ಹೋಗಿ, ಕೊನೆಗೆ ಒಂದು ಬೆಳಿಗ್ಗೆ ಸೀಲರ್ ಹಿಡಿದು ಕೂತ. ಗಂಗಯ್ಯನಿಗೆ ತಮಾಷೆ ಮಾಡಲು ಬೇಕಾದಷ್ಟು ಅವಕಾಶವಿತ್ತು. ಆದರೆ ಹೆಂಡತಿಯ ಮುಖ ನೋಡಿ ಹೊಲಕ್ಕೆ ಹೋದ. ಅವಳು ಮುಕ್ತಿಯಾರ್‌ನ ಬೆನ್ನ ಹಿಂದೆಯೇ ಮಣೆ ಹಾಕಿಕೊಂಡು ಕೂತಿದ್ದಳು.

"ನೀವು ಎದ್ದು ಕೆಲಸ ನೋಡ್ಕಳಿ ಅಮ್ಮ, ನಾನು ಮಾಡ್ತೀನಿ."

"ಇದೇ ನನ್ ಕೆಲಸ. ಆ ಮೂಲೆ ಬುಟ್ಟೋಯ್ತು ನೋಡಿ."

ಕೆಲಸ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಬೈಕು ನಿಂತಿತು. ಸುದ್ದಿ ರಾಮನಗರದಲ್ಲಿದ್ದ ತಮ್ಮನಿಗೆ ಮುಟ್ಟಿತ್ತು. ಬೈರಪ್ಪನ ಮುಖ ಕೆಂಪಾಗಿತ್ತು.

"ಏನಕ್ಕ ಇದು? ನಾನು ಆಕಿದ್ ನೆಲಾನ ಬ್ಯಾರೆಯೋನ ಕೈಲಿ ಕೆರೆಸ್ತೀಯಾ? ನಾಲ್ಕು ಜನ ಏನಂದಾರು? ಒಂದ್ ಮಾತು ಅಂದಿದ್ರೆ ನಾನೇ ಬಂದು ಮಾಡ್ತಿರ್ನಿಲ್ವಾ?"

"ಒಳೀಕೆ ಬರ್‍ಬ್ಯಾಡ. ಹಸಿ ಐತೆ."

"ಹಿಂದ್ಗಡೆಯಿಂದ ಬತ್ತೀನಿ ಬುಡು."

"ಅಲ್ಲೇ ಜಗಲಿ ಮ್ಯಾಲೆ ಕುಂತ್ಕ. ಕಾಫಿ ಕಳಿಸ್ತೀನಿ."

ಈ ಮನೆಗೆ ಬಂದಾಗಲೆಲ್ಲ ಅವನು ನೇರ ಅಡುಗೆಮನೆಗೆ ನುಗ್ಗಿ ಪಾತ್ರೆಗಳ ಮುಚ್ಚಳ ಎತ್ತಿ ನೋಡುತ್ತಿದ್ದ. ಇವತ್ತು ಪ್ಲಾಸ್ಟಿಕ್ ಕುರ್ಚಿ ಬಂತು. ತಟ್ಟೆಯಲ್ಲಿಟ್ಟ ಲೋಟ ಬಂತು, ಜೊತೆಗೆ ಎರಡು ಬಿಸ್ಕತ್ತು, ಪಂಚಾಯ್ತಿಯವರು ಬಂದರೆ ಕೊಡುವ ಹಾಗೆ. ಬೈರಪ್ಪ ಬಿಸ್ಕತ್ತನ್ನೇ ನೋಡಿದ.

"ಕೋಪಾನಾ ಅಕ್ಕ?"

"ಇಲ್ಲ."

"ಮತ್ತೆ?"

ಅವಳಿಗೆ ಹೇಳಬೇಕಾದದ್ದು ಬಹಳ ಇತ್ತು. ಕಂಕುಳಲ್ಲಿ ಹೊತ್ತು ತಂದದ್ದನ್ನು ಹೇಳಬಹುದಿತ್ತು, ಅಂಬುಜಳ ಮೇಲೆ ಹೊರಿಸಿದ ಮಾತನ್ನು ಎತ್ತಿ ಆಡಬಹುದಿತ್ತು. "ಬಿಸಿ ಆರೋಯ್ತದೆ, ಕುಡಿ," ಎಂದಷ್ಟೇ ಹೇಳಿ ಒಳಗೆ ಹೋದಳು.

ಅವನು ಕುಡಿದ. ಲೋಟ ಹಿಡಿದು ಎದ್ದ, ಒಳಗಿಡಲು ಬಾಗಿಲವರೆಗೂ ಬಂದ. ಅಕ್ಕ ಕರೆಯಬಹುದೆಂದು ಒಂದು ಗಳಿಗೆ ಕಾದ. ಒಳಗಿನಿಂದ, ಇಲ್ಲಿ ಇನ್ನೊಂದು ಸಲ ಹಚ್ಚಿ ಎಂದು ಅವಳು ಮುಕ್ತಿಯಾರ್‌ಗೆ ಹೇಳುವುದು ಕೇಳಿಸಿತು. ಬೈರಪ್ಪ ಲೋಟವನ್ನು ಕುರ್ಚಿಯ ಮೇಲಿಟ್ಟು, ಯಾರಿಗೂ ಹೇಳದೆ ಬೈಕು ಹತ್ತಿದ.