ಶಿಂಪಿ ಮಾಮನ ಕವಳದ ತಟ್ಟೆ

ಕುಡಿತ ಬಿಟ್ಟವರ ಕೂಟಕ್ಕೆ ಹೊಟ್ಟೆಗೆ ಸಾರಾಯಿ ಕಟ್ಟಿಕೊಂಡು ಹೋದ ಮಹಾಪುರುಷ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಹುಡುಕಿದರೆ ನಾನೊಬ್ಬನೇ ಸಿಗುತ್ತೇನೆ. ಇದನ್ನು ಮರೆಯಬೇಕೆಂದು ಬಹಳ ಶ್ರಮಪಟ್ಟಿದ್ದೆ. ಆದರೆ ಮೊನ್ನೆ ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಪಕ್ಕದವರು ಕವಳದ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿದರು. ಎಲೆ, ಸುಣ್ಣ, ತಂಬಾಕಿನ ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಶಿರಸಿಯ ಶಿಂಪಿ ಮಾಮ ಎದುರಿಗೇ ಬಂದು ಕೂತಂತಾಯಿತು...

ಆಗ ನಾನು ಲಾರಿ ಕ್ಲೀನರ್. ಲಾರಿಗಿಂತ ಗಂಟಲನ್ನೇ ಹೆಚ್ಚು ತೊಳೆಯುತ್ತಿದ್ದೆ. ಮುಂಬೈ ಸರ್ಕಾರ ಹೋಗಿ ಮೈಸೂರಿನದು ಬಂದರೂ ನಮ್ಮ ಕಡೆ ದಾರೂಬಂದಿಯ ಕಾಯಿದೆ ಹೋಗಿರಲಿಲ್ಲವಾದ್ದರಿಂದ, ಕಳ್ಳಭಟ್ಟಿ ಎಲ್ಲಿದೆಯೆಂದು ಹುಡುಕುವುದೇ ನನ್ನ ನಿಜವಾದ ಉದ್ಯೋಗ. ನನ್ನನ್ನು ಸಾಕಿ ಬೆಳೆಸಿದ ಅಕ್ಕ ಸಿದ್ದಾಪುರದಲ್ಲಿದ್ದಳು. ಕುಡಿದು ಬಂದರೆ ಬಾಗಿಲು ತೆಗೆಯುವುದಿಲ್ಲ ಎಂದು ಹೇಳಿ ಹೇಳಿ ಸೋತು, ಒಂದು ದಿನ ನಿಜಕ್ಕೂ ತೆಗೆಯಲಿಲ್ಲ. ಜಗುಲಿಯ ಮೇಲೆ ನಾಯಿಯ ಪಕ್ಕ ಮಲಗಿದೆ. ಬೆಳಿಗ್ಗೆ ಅವಳು ನಾಯಿಗೆ ಅನ್ನ ಹಾಕಿದಳು. ನನಗೆ ಹಾಕಲಿಲ್ಲ.

ಶಿಂಪಿ ಮಾಮ ಮುಂಬೈಯಲ್ಲಿ ಹೊಲಿಗೆ ಮಾಡಿ ಬಂದವರು. ಅಲ್ಲಿ ಅವರು ಕುಡಿದದ್ದರ ಕೀರ್ತಿ ಅವರಿಗಿಂತ ಮೊದಲೇ ಶಿರಸಿ ಮುಟ್ಟಿತ್ತು. ಮಂಗಳವಾರದ ಸಂತೆ ಮುಗಿದ ಮೇಲೆ ಅವರ ಅಂಗಡಿಯ ಬಾಗಿಲು ಮುಚ್ಚುತ್ತಿತ್ತು. ಹೊಲಿಗೆ ಮಷಿನ್ನಿನ ಸದ್ದಿಲ್ಲ. ಹಿಂಬಾಗಿಲಿನಿಂದ ಒಬ್ಬೊಬ್ಬರೇ ಒಳಗೆ ಹೋಗುತ್ತಿದ್ದರು, ಹೊರಗೆ ಬರುವಾಗ ಬಾಯಿ ಕೆಂಪು, ಮುಖದಲ್ಲಿ ಬೆಳಕು. ಲಾರಿಯ ಕೆಳಗೆ ಮಲಗಿ ಇದನ್ನು ಕಂಡ ನನಗೆ ಖುಷಿಯಲ್ಲಿ ಎದ್ದು ತಲೆ ಜಪ್ಪಿಸಿಕೊಂಡದ್ದೂ ಗೊತ್ತಾಗಲಿಲ್ಲ. ಪೇಟೆಯ ನಡುವೆಯೇ ಭಟ್ಟಿ!

ಮೊದಲ ಸಲ ಯಾರಲ್ಲಿಗೂ ಬರಿಗೈಯಲ್ಲಿ ಹೋಗಬಾರದೆಂದು ಅಕ್ಕ ಕಲಿಸಿದ್ದಳು. ಆದ್ದರಿಂದ ಮುಂದಿನ ಮಂಗಳವಾರ ಒಂದು ಫುಟ್‌ಬಾಲ್ ಬ್ಲಾಡರ್ ತುಂಬ ಮಾಲು ತುಂಬಿಸಿ, ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡು, ತುಂಬು ಬಸುರಿಯ ಹಾಗೆ ಹಿಂಬಾಗಿಲಲ್ಲಿ ನಿಂತೆ.

ಮಾಮ ಮೇಲಿಂದ ಕೆಳಗೆ ನೋಡಿ, ಕುಡಿಯುತ್ತೀಯಾ ಎಂದು ಕೇಳಿದರು. ಎದೆಯುಬ್ಬಿಸಿ ಹೌದೆಂದೆ.

"ಹಂಗಾರೆ ಸರಿಯಾದ ಜಾಗಕ್ಕೇ ಬಂದೀಯ ಮಾರಾಯಾ. ಬಾ, ಕೂತ್ಕ."

ಒಳಗೆ ಚಾಪೆ, ನಡುವೆ ಕವಳದ ತಟ್ಟೆ. ಮಾಮ ಒಂದು ಕವಳ ಮಡಚಿ ನನ್ನ ಬಾಯಿಗೇ ತುರುಕಿ ಅಲ್ಲಿಯ ಪದ್ಧತಿ ಹೇಳಿದರು. ಒಬ್ಬ ಮಾತಾಡುವಾಗ ಉಳಿದವರ ಬಾಯಲ್ಲಿ ಕವಳ ಇರಬೇಕು. ಪಾಳಿ ಬಂದವ ಉಗುಳಿ ಬಂದು ಮಾತಾಡಬೇಕು. ಕವಳ ತುಂಬಿದ ಬಾಯಿ ಯಾರಿಗೂ ಬುದ್ಧಿ ಹೇಳುವುದಿಲ್ಲ, ಯಾರನ್ನೂ ತಮಾಷೆ ಮಾಡುವುದಿಲ್ಲ. ಲೋಟಗಳು ಯಾವಾಗ ಬರುತ್ತವೆಂದು ನಾನು ಮೂಲೆಯನ್ನೇ ನೋಡುತ್ತಿದ್ದೆ.

ಮೊದಲ ಪಾಳಿ ಸೋಂದಾ ಕಡೆಯ ಅಡಿಗೆ ಭಟ್ಟರದು. ಈ ವಾರ ಯಾರ್ಯಾರ ಮನೆಯ ಅಡಿಗೆಗೆ ಹೋದೆ, ಎಲ್ಲೆಲ್ಲಿ ಕುಡಿಯುವ ಆಸೆಯಾಯಿತು ಎಂದು ಮೆಲ್ಲಗೆ ಹೇಳಿ, ಕೊನೆಗೆ, "ಆನು ಮುಟ್ಟಿದ್ನಿಲ್ಲೆ. ನಾಳೆದು ಗೊತ್ತಿಲ್ಲೆ" ಎಂದರು.

ಆಗ ನನ್ನ ತಲೆಯೊಳಗೆ ದೀಪ ಹತ್ತಿತು. ಗಾಬರಿಯಲ್ಲಿ ಹೊಟ್ಟೆಯನ್ನು ಒಳಗೆ ಎಳೆದುಕೊಂಡೆ. ಬ್ಲಾಡರಿನ ಬಾಯಿಗೆ ಸುತ್ತಿದ್ದ ದಾರ ಸಡಿಲಾಯಿತು. ಬುಸ್ ಎಂದು ಒಂದು ಉಸಿರು ಬಿಟ್ಟು ಅದು ನನ್ನ ಅಂಗಿ, ಪಂಚೆ, ಚಾಪೆಗೆಲ್ಲ ಅಭಿಷೇಕ ಮಾಡಿತು.

ಕೋಣೆ ತುಂಬ ಆ ವಾಸನೆ... ಅಗಿಯುತ್ತಿದ್ದ ದವಡೆಗಳೆಲ್ಲ ನಿಂತವು. ಭಟ್ಟರು ಚಾಪೆಯ ಅಂಚನ್ನು ಬಿಗಿಯಾಗಿ ಹಿಡಿದರು. ಬನವಾಸಿಯ ಗಾಡಿಯವ ಎದ್ದು ಬಾಗಿಲಿಗೆ ಕೈ ಇಟ್ಟ, ಹೊರಗೆ ಹೋಗಲಿಲ್ಲ, ಕೂರಲೂ ಇಲ್ಲ. ಮಾಮ ಕಿಟಕಿಗಳನ್ನು ತೆರೆದು ಬಂದರು. ಒದ್ದೆ ಚಾಪೆಯ ಮೇಲೆ, ಬೇರೆ ಯಾರಿಗೂ ಕೂರಲು ಧೈರ್ಯವಿಲ್ಲದ ಜಾಗದಲ್ಲಿ, ನನ್ನ ಪಕ್ಕಕ್ಕೆ ಕೂತರು.

"ತಮ್ಮಾ, ಕವಳ ಉಗುಳಿ ಬಾ. ಈಗ ನಿನ್ನ ಪಾಳಿ."

ಬರಿಗೈಯಲ್ಲಿ ಬರಬಾರದಲ್ಲ ಅಂತ ತಂದೆ ಎಂದು ನಗಿಸಲು ನೋಡಿದೆ. ಬಾಯಿ ತುಂಬ ಕವಳ ಇದ್ದವರು ಹೇಗೆ ನಕ್ಕಾರು? ಎರಡನೆಯ ತಮಾಷೆ ಹುಡುಕುವಾಗ ಅಕ್ಕನ ಜಗುಲಿ ಬಾಯಿಗೆ ಬಂತು, ನಾಯಿ ಬಂತು, ಅನ್ನ ಬಂತು. ಆಮೇಲೆ ನಿಲ್ಲಲೇ ಇಲ್ಲ. ನಾನು ಮುಗಿಸುವಷ್ಟರಲ್ಲಿ ಗಾಡಿಯವ ಬಾಗಿಲು ಬಿಟ್ಟು ಬಂದು ಕೂತಿದ್ದ. ಮುಂಬೈಯಲ್ಲಿ ಇಂಥದೇ ಒಂದು ಕೂಟ ತನ್ನನ್ನು ಉಳಿಸಿತೆಂದೂ, ಕವಳ ಮಾತ್ರ ಶಿರಸಿಯ ಸೇರ್ಪಡೆಯೆಂದೂ ಮಾಮ ಆಮೇಲೆ ಹೇಳಿದರು.

ಹೊರಡುವಾಗ ಗೂಟದಿಂದ ಒಂದು ಹೊಸ ಅಂಗಿ ತೆಗೆದು ಕೊಟ್ಟು, ಅದು ಗಿರಾಕಿಯದೆಂದೂ ನಾಳೆಯೇ ತಂದುಕೊಡಬೇಕೆಂದೂ ಎಚ್ಚರಿಸಿದರು. ಮೊಣಕಾಲು ಮುಟ್ಟುವ ಆ ಅಂಗಿಯಲ್ಲಿ ನಾನು ಮದುಮಗನ ಹಾಗೆ ಪೇಟೆ ದಾಟಿದೆ. ಓಡಬೇಕು, ಕೂಗಬೇಕು ಅನಿಸುತ್ತಿತ್ತು. ಇಂಥ ಜಾಗವೊಂದು ಇದೆಯೆಂದು ಯಾರೂ ಹೇಳಿರಲಿಲ್ಲವಲ್ಲ! ಮರುದಿನ ಅಂಗಿ ಹಿಡಿದು ಹೋದಾಗ ಮಾಮನ ಕಣ್ಣು ಕೆಂಪಾಗಿತ್ತು. ನನ್ನನ್ನು ನೋಡಿ ಅತಿಯಾಗಿಯೇ ನಕ್ಕರು. ಗಿರಾಕಿಯ ಅಂಗಿ ಸಿಕ್ಕ ಸಂತೋಷವೆಂದುಕೊಂಡೆ.

ಮತ್ತೆ ಒಂದೂ ಮಂಗಳವಾರ ತಪ್ಪಿಸಲಿಲ್ಲ. ಆ ಮಳೆಗಾಲ ಮುಗಿದ ಮೇಲೆ ಅಕ್ಕ ಬಾಗಿಲ ಸಂದಿಯಲ್ಲಿ ಮೂಗಿಟ್ಟು ಮೂಸಿ, ಚಿಲಕ ತೆಗೆದಳು. ನಾಯಿಗಿಂತ ಮೊದಲು ನನಗೆ ಅನ್ನ ಬಡಿಸಿದಳು.

ಮೊನ್ನೆ ನನ್ನ ಬಸ್ಸು ಬಿಟ್ಟು ಶಿರಸಿಯ ಬಸ್ಸು ಹತ್ತಿದೆ. ಮಾಮ ಹೋಗಿ ಎರಡು ವರ್ಷವಾಯಿತು. ಅಂಗಡಿಯಲ್ಲಿ ಈಗ ಬಳೆ ಮಾರುತ್ತಾರೆ... ಅದರ ಹಿಂದಿನ ಮನೆಯಲ್ಲಿ ಮಾಮಿ ಇದ್ದರು. ಬ್ಲಾಡರಿನ ಕತೆ, ಗಿರಾಕಿಯ ಅಂಗಿಯ ಕತೆ ಎತ್ತಿದೆ. ಅವರೂ ಕಣ್ಣೀರು ಬರುವಷ್ಟು ನಕ್ಕು, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು:

"ಅದು ಯಾವ ಗಿರಾಕೀದೂ ಅಲ್ಲ ತಮ್ಮಾ, ಅವರದ್ದೇ ಅಂಗಿ. ನೀವೆಲ್ಲ ಹೋದ್ಮೇಲೆ ಆ ವಾಸನೆಗೆ ಎರಡು ಸಲ ಭಟ್ಟಿ ಕಡೆ ಹೊರಟು ಬಾಗಿಲಿಂದ ತಿರುಗಿ ಬಂದ್ರು. ಹೊರಗಿಂದ ಚಿಲಕ ಹಾಕು ಅಂದ್ರು, ಹಾಕ್ದೆ. ಒಳಗಿಂದ ಒಂದೇ ಮಾತು ಹೇಳ್ತಾ ಇದ್ರು, ನಾಳೆ ಆ ಹುಡುಗ ಅಂಗಿ ತರ್ತಾನೆ, ಅವ ಬಂದಾಗ ನಾ ಇಲ್ಲಿರಬೇಕು ಅಂತ."