ಬೆನ್ನನ್ನೂ ತೊಳೆಯುವ ನೀರಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಮನೆಗೂ ಕಾಂಪೌಂಡಿಗೂ ನಡುವೆ ಸಿಕ್ಕಿಕೊಂಡಂತಿರುವ ಕೋಣೆಯಲ್ಲಿ ದೀಪ ಹತ್ತಿದೆ. ನೀರಕ್ಕ ಬಕೆಟ್ಟಿನ ನೀರಿಗೆ ಬಿಸಿನೀರು ಬೆರೆಸಿ, ಹಸುಗೂಸಿಗೆ ನೋಡುವ ಹಾಗೆ ಮೊಣಕೈ ಅದ್ದಿ ಹದ ನೋಡುತ್ತಾಳೆ. ಸಿಮೆಂಟು ಕಟ್ಟೆಯ ಮೇಲೆ ನಿನ್ನೆ ಸಂಜೆ ತೀರಿಕೊಂಡ ಬಡಗಿ ಮಲಗಿದ್ದಾನೆ. ಉಗುರಿನ ಸಂದಿಯಲ್ಲಿ ಇನ್ನೂ ವಾರ್ನಿಷ್ ಇದೆ.

"ಸ್ವಲ್ಪ ಮಗ್ಗುಲಾಗಪ್ಪ, ಬೆನ್ನು ತೊಳೀಬೇಕು" ಎನ್ನುತ್ತಾ ಒಂದು ಕೈ ಭುಜದಡಿ, ಒಂದು ಕೈ ಸೊಂಟದಡಿ ಕೊಟ್ಟು ಹೊರಳಿಸುತ್ತಾಳೆ.

ಬಾಗಿಲಲ್ಲಿ ಲೋಟ ಹಿಡಿದು ನಿಂತ ಕಾವಲುಗಾರನಿಗೆ ನಗು. "ಬಿಸಿನೀರು ಯಾಕೆ ನೀರಕ್ಕ, ಅವನಿಗೇನು ನೆಗಡಿ ಆಗುತ್ತಾ?"

"ನಿನ್ನ ಸರದಿ ಬಂದಾಗ ತಣ್ಣೀರೇ ಹಾಕ್ತೀನಿ ಬಿಡು."

"ಬೇಡ ತಾಯಿ, ನಂಗೂ ಬಿಸೀದೇ ಇರಲಿ."

ಗಂಡ ತೀರಿಹೋದ ವರ್ಷ ಈ ಕೆಲಸಕ್ಕೆ ಸೇರಿದವಳು. ಹತ್ತೊಂಬತ್ತು ವರ್ಷ ತುಂಬಿತು. ಯಾವಾಗ ನೋಡಿದರೂ ಕೈ ಒದ್ದೆ, ಅದಕ್ಕೇ ನೀರಕ್ಕ. ದಿನಕ್ಕೆ ಇಬ್ಬರು ಮೂವರು ಬರುತ್ತಾರೆ, ಚಳಿಗಾಲದಲ್ಲಿ ಐವರೂ ಬಂದದ್ದುಂಟು. ಮಧ್ಯಾಹ್ನ ವಾರ್ಡಿನಲ್ಲಿ ಹಾಸಿಗೆ ಹಿಡಿದವರ ಮೈ ಒರೆಸುತ್ತಾಳೆ, ಉಗುರು ಕತ್ತರಿಸುತ್ತಾಳೆ. ಕ್ಯಾಂಟೀನಿನಲ್ಲಿ ಅವಳ ಪಕ್ಕದ ಜಾಗ ಸದಾ ಖಾಲಿ. ಸ್ವಂತ ನಾದಿನಿಯೇ ಅವಳು ಕೂತೆದ್ದ ಕುರ್ಚಿಯನ್ನು ಒರೆಸುತ್ತಾಳೆ. "ಒರೆಸಲಿ ಬಿಡಿ, ಆ ಮನೇಲಿ ಚೊಕ್ಕಟವಾಗಿರೋದು ಅದೊಂದೇ ಕುರ್ಚಿ" ಎಂದು ನೀರಕ್ಕ ನಗುತ್ತಾಳೆ.

ಆದರೆ ಪುಣ್ಯದ ಕೆಲಸ ಎಂದು ಯಾರಾದರೂ ಹೊಗಳಿದರೆ ನಗು ಆರಿಹೋಗುತ್ತದೆ.

"ಹದಿನೆಂಟು ವರ್ಷ ನಾನು ಯಾರ ಬೆನ್ನೂ ತೊಳೆದಿಲ್ಲ. ಕಾಲೂ ಅಷ್ಟೇ. ಮುಖ, ಕೈ, ಎದೆ, ಅಷ್ಟಕ್ಕೆ ಮುಗೀತು. ಹೊದಿಕೆ ಎತ್ತಿ ಯಾರು ನೋಡ್ತಾರೆ? ಕಾಲು ಗಂಟೆಗೆ ಒಬ್ಬರು."

ಅದಕ್ಕೊಂದು ಸಮಾಧಾನವನ್ನೂ ಅವಳು ಹುಡುಕಿಕೊಂಡಿದ್ದಳು. ಆತ್ಮ ಮೇಲೆ ಹೋಯಿತು, ಇಲ್ಲಿ ಬಿದ್ದಿರುವುದು ಬರೀ ಸಿಪ್ಪೆ. ಪ್ರಾರ್ಥನೆಯ ಮನೆಯಲ್ಲಿ ಚಿಕ್ಕಂದಿನಿಂದ ಅವಳ ಕಿವಿಗೆ ಬಿದ್ದದ್ದು ಹಾಗೆಯೇ. ಅಳುತ್ತ ಬಂದ ಮನೆಯವರಿಗೂ ಅದನ್ನೇ ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಆರು ವರ್ಷದ ಹಿಂದೆ ಹೊಲಿಗೆ ಅಂಗಡಿಯ ಹೆಂಗಸೊಬ್ಬಳು ತಾಯಿಯನ್ನು ಕಳೆದುಕೊಂಡು ಆ ಬಾಗಿಲಿಗೆ ಬಂದಳು. ಕೈಯಲ್ಲಿ ಪುಟ್ಟ ಎಣ್ಣೆ ಸೀಸೆ. "ಅಮ್ಮನ ಹಿಮ್ಮಡಿ ಒಡೆದಿದೆ, ಉರಿ ಉರಿ ಅಂತಿದ್ಲು. ಸ್ವಲ್ಪ ಹಚ್ಚಲಾ?" ಎಂದು ಕೇಳಿದಳು. ಆವತ್ತು ಒಳಗೆ ತೊಳೆಯಬೇಕಾದವರು ಇನ್ನೂ ಇಬ್ಬರಿದ್ದರು. ನೀರಕ್ಕನಿಗೆ ನಗು ಬಂತು. "ಯಾರ ಹಿಮ್ಮಡಿಗೆ? ನಿಮ್ಮಮ್ಮ ಇಲ್ಲಿಲ್ಲ ಕಣಮ್ಮ. ಇದು ಸಿಪ್ಪೆ. ಹೋಗು, ಹೊರಗೆ ಕೂತ್ಕೋ." ಮಗಳು ಸೀಸೆಯನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ನೀರಕ್ಕನಿಗೆ ಅದು ನೆನಪಿನಲ್ಲಿಯೂ ಉಳಿಯಲಿಲ್ಲ.

ನೆನಪು ಬಂದದ್ದು ಹೋದ ವರ್ಷ. ಮೂರನೇ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಹಳೆಯ ಉಪದೇಶಿ ಇದ್ದರು. ನಲವತ್ತು ವರ್ಷ ಬೀದಿ ಬೀದಿ ತಿರುಗಿ ಸತ್ಯವೇದ, ಅಂದರೆ ಬೈಬಲ್, ಕಲಿಸಿದವರು. ಎಲ್ಲರ ಬಾಯಲ್ಲೂ ತಾತ. ಉಗುರು ಕತ್ತರಿಸುತ್ತಿದ್ದ ನೀರಕ್ಕನನ್ನು ಅವರು ಕೇಳಿದರು: "ನಾಳೆ ನಾನು ನಿನ್ನ ಕೋಣೆಗೆ ಬಂದ್ರೆ ಹೇಗೆ ನೋಡ್ಕೊಳ್ತೀಯಮ್ಮ?"

"ನೀವೆಲ್ಲಿ ಬರ್ತೀರಿ ತಾತ. ನಿಮ್ಮ ಆತ್ಮ ಅಷ್ಟೊತ್ತಿಗೆ ಮೇಲಿರುತ್ತೆ. ಬರೋದು ಸಿಪ್ಪೆ."

ತಾತ ಕಿಟಕಿಯಿಂದ ಅವಳ ಕಡೆ ಮುಖ ತಿರುಗಿಸಿದರು. "ಇದನ್ನ ನಿಮಗೆ ಕಲಿಸಿದ್ದು ನಾನೇ ಇರಬೇಕು. ಅವಸರದಲ್ಲಿ ಕಲಿಸಿಬಿಟ್ಟೆ. ಸತ್ಯವೇದದ ಮೊದಲಲ್ಲಿ ಹಾಗಿಲ್ಲ ಮಗಳೇ. ದೇವರು ಮಣ್ಣಿಂದ ಮನುಷ್ಯನ್ನ ಮಾಡಿ ಮೂಗಿಗೆ ಉಸಿರು ಊದಿದ. ಮಣ್ಣೂ ಉಸಿರೂ ಕೂಡಿದ್ದೇ ಜೀವ. ಆತ್ಮ ಅಂತ ಒಂದು ಹಕ್ಕೀನ ತಂದು ಗೂಡಲ್ಲಿ ಕೂರಿಸಿದ ಅಂತಿಲ್ಲ. ಅಲ್ಲಿಯ ಹಳೇ ಹಾಡುಗಳಲ್ಲಿ ಪ್ರಾಣಕ್ಕೆ ಬಾಯಾರುತ್ತೆ, ಹಸಿಯುತ್ತೆ. ಹಸಿಯೋಕೆ ಹೊಟ್ಟೆ ಬೇಡವಾ? ಉಸಿರು ದೇವರದ್ದು, ಗಾಳಿ ಹಾಗೆ ಬರುತ್ತೆ, ಅವನೇ ವಾಪಸ್ ಕರ್ಕೊಳ್ತಾನೆ. ಮಣ್ಣನ್ನೂ ಅವನೇ ಕೈಯಾರೆ ಮುಟ್ಟಿದ್ದಲ್ವಾ? ಕೊನೇ ದಿನ ಎಬ್ಬಿಸೋದೂ ಇಡೀ ಮನುಷ್ಯನ್ನೇ. ಅದನ್ನ ಸಿಪ್ಪೆ ಅನ್ನೋಕೆ ನಾವ್ಯಾರು?"

ನೀರಕ್ಕನ ಕೈ ನಿಂತುಹೋಯಿತು. "ಕಣ್ಣೆದುರಿಗೆ ಬಂದದ್ದು ಆ ಅಮ್ಮನ ಒಡೆದ ಹಿಮ್ಮಡಿ. ಭೂಮಿ ಬಾಯಿಬಿಟ್ಟಿದ್ರೆ ಇಳಿದುಹೋಗ್ತಿದ್ದೆ" ಎನ್ನುತ್ತಾಳೆ.

ಅಂದಿನಿಂದ ಒಬ್ಬೊಬ್ಬರಿಗೂ ಒಂದು ಗಂಟೆ, ನಾಲ್ಕು ಬಕೆಟ್ ನೀರು. ತಾತನನ್ನೂ ಹಾಗೆಯೇ ತೊಳೆದು ಕಳಿಸಿದಳು. ಕೆಲಸ ನಿಧಾನವಾಯಿತೆಂದು ಮೇಲ್ವಿಚಾರಕರು ಬೈದರೆ ಎದುರಾಡುವುದಿಲ್ಲ, ಬೇಗ ಮುಗಿಸುವುದೂ ಇಲ್ಲ. ಆದರೂ ಹೊಲಿಗೆ ಅಂಗಡಿಯ ಬೀದಿಗೆ ಕಾಲಿಡುವ ಧೈರ್ಯ ಬರಲಿಲ್ಲ. ಆ ಮಗಳಿಗೆ ಮುಖ ತೋರಿಸುವುದು ಹೇಗೆ? ಹನ್ನೊಂದು ತಿಂಗಳು ಸುತ್ತುಬಳಸಿ ಮನೆ ಸೇರಿದಳು.

ಹೋದ ತಿಂಗಳು ಒಂದು ಭಾನುವಾರ ಹೋಗಿಯೇಬಿಟ್ಟಳು. ಮಗಳು ಯಂತ್ರದ ಮುಂದೆ ಕೂತು ಪರದೆಯ ಅಂಚು ಮಡಿಚುತ್ತಿದ್ದಳು. ನೀರಕ್ಕ ಹೊಸ್ತಿಲಾಚೆ ನಿಂತೇ ಎಲ್ಲ ಹೇಳಿದಳು. ಮಗಳು ತಲೆ ಎತ್ತಲಿಲ್ಲ.

"ಹೋಗಲಿ, ನೀವಾದ್ರೂ ಕಾಲು ತೊಳೆದಿದ್ರಾ?"

ಹೌದು ಎಂದುಬಿಡುವುದು ಸುಲಭವಿತ್ತು. ನೋಡಿದವರು ಯಾರೂ ಇರಲಿಲ್ಲ.

"ಇಲ್ಲಮ್ಮ. ಕಾಲಿನ ಮೇಲೆ ಹಾಗೇ ಹೊದಿಕೆ ಎಳೆದುಬಿಟ್ಟೆ."

ಯಂತ್ರ ನಿಂತಿತು. "ಆರು ವರ್ಷ ನಾಚಿಕೊಂಡಿದ್ದೀನಿ ನಾನು. ಹೆಣಕ್ಕೆ ಎಣ್ಣೆ ಹಚ್ಚೋಕೆ ಹೋದ ಪೆದ್ದಿ ಅಂತ. ಮನೇಲಿ ಒಬ್ಬರಿಗೂ ಹೇಳಿಲ್ಲ."

"ನಿನಗ್ಯಾಕಮ್ಮ ನಾಚಿಕೆ? ಅದು ನಂದು. ನಿನ್ನ ತಲೆ ಮೇಲೆ ಹೊರಿಸಿದ್ದೆ."

ಕ್ಷಮಿಸಿದೆ ಎಂದು ಮಗಳು ಅನ್ನಲಿಲ್ಲ, ನೀರಕ್ಕ ಕೇಳಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಗಳು ತಾಯಿಯ ಮಾತು ತೆಗೆದಳು. ದಿನವಿಡೀ ನಿಂತು ಇಸ್ತ್ರಿ ಮಾಡುತ್ತಿದ್ದ ಕಾಲು ಅದು ಎಂದಳು. ನೀರಕ್ಕ ಹೊಸ್ತಿಲಲ್ಲೇ ಕೂತು ಪೂರ್ತಿ ಕೇಳಿಸಿಕೊಂಡಳು.

ಪತ್ರಿಕೆಯಲ್ಲಿ ತನ್ನ ವಿಷಯ ಬರುವುದಾದರೆ ಅವಳದು ಒಂದೇ ಕೋರಿಕೆ. "ಒಳ್ಳೇದನ್ನಷ್ಟೇ ಹಾಕಿ ಹೊಗಳಬೇಡಿ, ನಂಗೆ ಮುಖ ಎತ್ತೋಕಾಗಲ್ಲ. ನಾನು ಬಾಗಿಲು ಹಾಕ್ಕೊಂಡಿದ್ದನ್ನೂ ಬರೀರಿ. ಓದಿದವರು ಯಾರಾದ್ರೂ ತೀರಿಹೋದ ತಮ್ಮೋರ ಜೊತೆ ಬಂದ್ರೆ, ನಾನೂ ಒಳಗೆ ಬಂದು ತೊಳೀತೀನಿ ಅಂತ ಗಟ್ಟಿಯಾಗಿ ಕೇಳಲಿ."